ಮುಸುಕಿಲ್ಲದೆ ಹೊರಟ ಜೋಳ

ಮಲ್ಲತ್ತಹಳ್ಳಿಯ ಯೋಗಾನಂದ ಐವತ್ತು ದಾಟುವವರೆಗೆ ಕಣ್ಣಾರೆ ಕಂಡಿದ್ದ ಅತಿ ದೊಡ್ಡ ನೀರೆಂದರೆ ಮಲ್ಲತ್ತಹಳ್ಳಿ ಕೆರೆ. ಸಮುದ್ರವನ್ನು ಅವನು ಕ್ಯಾಲೆಂಡರಿನಲ್ಲಿ ನೋಡಿದ್ದ, ಹಡಗನ್ನು ಅದೇ ಕ್ಯಾಲೆಂಡರಿನ ಇನ್ನೊಂದು ತಿಂಗಳಲ್ಲಿ. ಇಂಥ ಮನುಷ್ಯ ಒಂದು ಬೇಸಿಗೆಯಲ್ಲಿ ಹಾಲಿನ ಬೂತಿನ ಮುಂದೆ ನಿಂತು, "ನಮ್ಮ ಹಡಗು ಈ ವಾರ ಬರುತ್ತೆ," ಎಂದು ಹೇಳತೊಡಗಿದಾಗ, ಕೇಳಿದವರು ಹಡಗಿನ ಸುದ್ದಿಗೇ ಹೋಗದೆ, "ಬಿ.ಪಿ. ಮಾತ್ರೆ ತಗೋತಾ ಇದೀರಾ?" ಎಂದು ವಿಚಾರಿಸಿದರು. ಸಮುದ್ರದಿಂದ ಇಷ್ಟು ದೂರ, ಇಷ್ಟು ಎತ್ತರದ ಬೆಂಗಳೂರಿನಲ್ಲಿ ಕೂತು ನಲ್ಲಿಯಲ್ಲಿ ನೀರು ಬರುವುದನ್ನೇ ಕಾಯುವ ನಮ್ಮಂಥವರ ನಡುವೆ ಹಡಗಿನ ಮಾತಾಡುವವನಿಗೆ ಅದಕ್ಕಿಂತ ಹೆಚ್ಚಿನ ಮರ್ಯಾದೆ ಸಿಗುವುದು ಕಷ್ಟ.

ಹಡಗು ಅವನದಲ್ಲ. ಹಡಗಿನ ಹೊಟ್ಟೆಯೊಳಗೆ ಒಂದು ಪಾಲು ಜಾಗ ಅವನ ಮುಸುಕಿನ ಜೋಳಕ್ಕೆ ಸಿಕ್ಕಿತ್ತು, ಅಷ್ಟೆ. ಆದರೆ ಆ ಅಷ್ಟರಲ್ಲಿ ಅವನ ಬದುಕೆಲ್ಲ ಇತ್ತು.

ಯೋಗಾನಂದನ ಅಪ್ಪ ಕೆರೆಯ ಕೆಳಗೆ ರಾಗಿ, ಅವರೆ ಬೆಳೆಯುತ್ತಿದ್ದವರು. ಬಡಾವಣೆಗಳು ಬಂದವು. ಹೊಲ ಸೈಟುಗಳಾದವು, ಸೈಟುಗಳು ಮನೆಗಳಾದವು, ಮನೆಗಳ ಮೇಲೆ ಮನೆಗಳಾದವು. ಅಣ್ಣ ಮುನಿರಾಜು ತನ್ನ ಪಾಲಿನಲ್ಲಿ ಬಾಡಿಗೆ ಮನೆಗಳನ್ನು ಎಬ್ಬಿಸಿ, ಗೇಟಿನ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತ. ಬೆಳಿಗ್ಗೆ ಮೋಟರ್ ಹಾಕುವುದು, ಸಂಜೆ ಯಾರ ಬೈಕು ಎಲ್ಲಿ ನಿಂತಿದೆ ಎಂದು ನೋಡುವುದು, ನಡುವೆ ಬಿಡುವಾದರೆ ಬಾಡಿಗೆಯವರ ಮನೆಗೆ ಬಂದ ನೆಂಟರು ಎಂದು ಹೊರಡುತ್ತಾರೆಂದು ವಿಚಾರಿಸುವುದು. ಊರೆಲ್ಲ ಅವನನ್ನು 'ಓನರ್' ಎನ್ನುತ್ತಿತ್ತು. ಅವನ ಪಕ್ಕದಲ್ಲಿ ಇನ್ನೊಂದು ಕುರ್ಚಿ ಯಾವಾಗಲೂ ಖಾಲಿ ಇರುತ್ತಿತ್ತು. ತಮ್ಮ ಆ ದಾರಿಯಲ್ಲಿ ಬಂದಾಗಲೆಲ್ಲ ಮುನಿರಾಜು ಅದರ ಧೂಳನ್ನು ಟವೆಲ್ಲಿನಿಂದ ಒರೆಸಿ, "ಬಾರೋ, ಎಷ್ಟು ದಿನ ಅಂತ ಅಲೀತೀಯ, ಕೂತ್ಕೊ," ಎನ್ನುತ್ತಿದ್ದ. ಯೋಗಾನಂದನಿಗೆ ಯಮನ ಕೋಣದ ಭಯವಿರಲಿಲ್ಲ. ಆ ಕುರ್ಚಿಯ ಭಯವಿತ್ತು.

ಅವನು ಜೋಳದ ವ್ಯಾಪಾರಿ. ಗೌರಿಬಿದನೂರು, ದೊಡ್ಡಬಳ್ಳಾಪುರದ ಕಡೆಯಿಂದ ಮುಸುಕಿನ ಜೋಳ ತಂದು ಕೋಳಿ ಆಹಾರದ ಮಿಲ್ಲುಗಳಿಗೆ ಕೊಡುವುದು ಕಸುಬು. ಅಪ್ಪಟ ಮೂಟೆಯ ಮನುಷ್ಯ. ಮೂಟೆಯ ಬೆನ್ನಿಗೆ ಒಂದು ಏಟು ಹಾಕಿ, ಶಬ್ದ ಕೇಳಿ, ಒಳಗೆ ತೇವ ಇದೆಯೋ ಇಲ್ಲವೋ ಹೇಳುತ್ತಿದ್ದ. ಅರ್ಧದಷ್ಟು ಸಲ ಅದು ಸರಿಯೂ ಇರುತ್ತಿತ್ತು. ಈಚೆಗೆ ಮಿಲ್ಲಿನವರು ತಾವೇ ಟಿಪ್ಪರ್ ಕಳಿಸಿ ರೈತರ ಕಣದಿಂದಲೇ ತುಂಬಿಸಿಕೊಳ್ಳತೊಡಗಿದರು. ನಡುವೆ ನಿಂತು ಮೂಟೆಯ ಬೆನ್ನು ತಟ್ಟುವವನು ಯಾರಿಗೂ ಬೇಡವಾದ. ಅಣ್ಣ ಕುರ್ಚಿ ಒರೆಸುವುದು ಹೆಚ್ಚಾಯಿತು.

ಆಗ ಸಿಕ್ಕವನು ಬಸವಕುಮಾರ್. ರಾಜಾಜಿನಗರದಲ್ಲಿ ಒಂದು ಬೇಕರಿಯ ಮೇಲೆ ಅವನ ಆಫೀಸು. ಹೊರದೇಶಕ್ಕೆ ಧಾನ್ಯ ಕಳಿಸುವ ವ್ಯವಹಾರ. ಮೆಟ್ಟಿಲು ಹತ್ತುವಾಗ ಬರುವ ಬೆಣ್ಣೆ ಬಿಸ್ಕತ್ತಿನ ವಾಸನೆಗೇ ಯೋಗಾನಂದ ಅರ್ಧ ಒಪ್ಪಿಬಿಟ್ಟಿದ್ದ.

"ಚೀಲ ಬೇಡ ಯೋಗಣ್ಣ. ಲೂಸು," ಎಂದ ಬಸವಕುಮಾರ್.

"ಯಾರು?"

"ಜೋಳ. ಲೂಸಲ್ಲೇ ಹೋಗ್ಬೇಕು. ಹಡಗಿನ ಹೊಟ್ಟೆಗೆ ಸುರಿಯೋದು, ಮುಚ್ಚಳ ಹಾಕೋದು, ಹೋಗ್ತಾ ಇರೋದು. ಈಗ ಯಾರೂ ಚೀಲದಲ್ಲಿ ಕಳಿಸಲ್ಲ."

"ಮತ್ತೆ ತೂಕ ಹೆಂಗೆ ಮಾಡ್ತಾರೆ?"

"ತುಂಬಿದ್ಮೇಲೆ ಹಡಗು ನೀರೊಳಗೆ ಎಷ್ಟು ಮುಳುಗ್ತು ಅಂತ ನೋಡ್ತಾರೆ. ಪಕ್ಕದಲ್ಲಿ ಗೆರೆ ಹಾಕಿರ್ತಾರೆ. ಅಷ್ಟೇ ತೂಕ."

ವ್ಯಾಪಾರದಲ್ಲಿ ಮುಳುಗುವವರನ್ನು ಯೋಗಾನಂದ ಬೇಕಾದಷ್ಟು ಕಂಡಿದ್ದ. ಮುಳುಗುವುದನ್ನು ಇಷ್ಟು ಗೌರವದಿಂದ ಗೆರೆ ಹಾಕಿ ಅಳೆಯುತ್ತಾರೆಂಬುದು ಅವನಿಗೆ ಹೊಸದು. ಅವನಿಗೆ ಅದು ಬಹಳ ಹಿಡಿಸಿತು.

ಕೆರೆ ಏರಿಯ ಪಕ್ಕದಲ್ಲಿ ಮನೆಯವರ ಕೊನೆಯ ಸೈಟು ಒಂದಿತ್ತು. ಅದನ್ನು ಮಾರಿ ಜೋಳ ಕೊಂಡ. ಅಮ್ಮ ಯಶೋದಮ್ಮನ ಹೆಬ್ಬೆಟ್ಟು ಬೇಕಿತ್ತು, ಅವರು ಒತ್ತಿದರು. "ಮಣ್ಣು ಮಾರಿ ಚಿನ್ನ ತಗೊಂಡಿದ್ರೆ ಬೈತಿದ್ದೆ. ಕಾಳು ತಗೋತೀಯ, ತಗೊ," ಎಂದರು. ಹೆಂಡತಿ ವರಲಕ್ಷ್ಮಿ ಮಾತ್ರ, "ಹಡಗಿಗೆ ಹತ್ತಿದ್ರೆ ಸರಿ. ಹತ್ತಲಿಲ್ಲ ಅಂದ್ರೆ?" ಎಂದು ಕೇಳಿದಳು. ಹೆಂಡತಿಯರು ಕೇಳುವ ಇಂಥ ಪ್ರಶ್ನೆಗಳಿಗೆ ನಾವೆಲ್ಲ ಏನು ಮಾಡುತ್ತೇವೋ ಅದನ್ನೇ ಅವನೂ ಮಾಡಿದ. ಕಾಫಿ ಕೇಳಿದ.

ಜೋಳವೆಲ್ಲ ಕಾಮಾಕ್ಷಿಪಾಳ್ಯದ ಗೋಡೌನಿಗೆ ಮೂಟೆಯಲ್ಲಿ ಬಂತು. ಅಲ್ಲಿ ಮೂಟೆಗಳ ಹೊಟ್ಟೆ ಕೊಯ್ದು, ಟಿಪ್ಪರುಗಳಿಗೆ ಸುರಿದು ಬಂದರಿಗೆ ಕಳಿಸಬೇಕು. ಕೊಯ್ಯುವ ಕೆಲಸಕ್ಕೆ ಚಿಕ್ಕಣ್ಣನನ್ನು ಕರೆದ. ಚಿಕ್ಕಣ್ಣನದು ಅದೇ ಬೀದಿಯಲ್ಲಿ ಹಳೇ ಗೋಣಿಚೀಲದ ಅಂಗಡಿ. ಯೋಗಾನಂದ ವ್ಯಾಪಾರಕ್ಕಿಳಿದ ದಿನದಿಂದ ಅವನ ಚೀಲಗಳೆಲ್ಲ ಇವನಿಂದಲೇ. ಹರಿದ ಚೀಲವನ್ನು ದಬ್ಬಳದಲ್ಲಿ ಹೊಲಿದು ಮತ್ತೆ ಬದುಕಿಸುವವನ ಕೈಯಲ್ಲಿ ಒಳ್ಳೆಯ ಚೀಲಗಳನ್ನು ಕೊಯ್ಯಿಸುವುದು ಸೂಲಗಿತ್ತಿಯನ್ನು ಸ್ಮಶಾನದ ಕೆಲಸಕ್ಕೆ ಕರೆದಂತೆ. ಅದು ಯೋಗಾನಂದನಿಗೆ ಹೊಳೆಯಲಿಲ್ಲ. ಚಿಕ್ಕಣ್ಣ ಒಂದೊಂದೇ ಚೀಲವನ್ನು ಹೊಲಿಗೆಯ ಪಕ್ಕದಲ್ಲೇ ನೀಟಾಗಿ ಕೊಯ್ಯುತ್ತ, "ಇನ್ಮೇಲೆ ಎಲ್ಲಾ ಲೂಸೇನಾ ಯೋಗಣ್ಣ?" ಎಂದ.

"ಎಲ್ಲಾ ಲೂಸೇ ಚಿಕ್ಕಣ್ಣ."

"ಹಂಗಾದ್ರೆ ನಾವು ಟೈಟು," ಎಂದು ಚಿಕ್ಕಣ್ಣ ನಕ್ಕ. ಅಂದಿನಿಂದ ಕಾಮಾಕ್ಷಿಪಾಳ್ಯದಲ್ಲಿ ಯೋಗಾನಂದನ ಹೆಸರು ಲೂಸ್ ಯೋಗಣ್ಣ ಎಂದಾಯಿತು. ಹುಚ್ಚನಿಗೂ ಚೀಲವಿಲ್ಲದ ಧಾನ್ಯಕ್ಕೂ ಬೆಂಗಳೂರಿನಲ್ಲಿ ಒಂದೇ ಪದವಿರುವುದು ಅವನ ತಪ್ಪಲ್ಲ.

ಟಿಪ್ಪರುಗಳು ಹೊರಡುವ ಹಿಂದಿನ ದಿನ ಯಶೋದಮ್ಮನಿಗೆ ವಿಷಯ ಪೂರ್ತಿ ಅರ್ಥವಾಯಿತು.

"ಚೀಲ ಇಲ್ದೆ ಕಳಿಸ್ತೀಯೇನೋ?"

"ಹೌದಮ್ಮ. ಸಮುದ್ರದ ಮೇಲೆ ಎಲ್ರೂ ಹಂಗೇ ಕಳಿಸೋದು."

"ಅದರ ಹೆಸರೇ ಮುಸುಕಿನ ಜೋಳ ಕಣೋ. ಮುಸುಕಿಲ್ದೆ, ಬರಿಮೈಲಿ, ಕಂಡೋರ ಹಡಗಲ್ಲಿ ಕಳಿಸ್ತೀಯ. ನಿಮ್ಮಪ್ಪನ ಮಣ್ಣು ಅದು. ಮನೆಮಗಳನ್ನ ಕಳಿಸಿದಂಗೆ ಕಳಿಸ್ಬೇಕು."

ಅಮ್ಮ ಒಳಗೆ ಹೋದರು. ಮರುದಿನ ಬೆಳಿಗ್ಗೆ ಒಂದು ಬಟ್ಟೆಯ ಗಂಟು ತಂದು ಕೊಟ್ಟರು. "ಅಕ್ಷತೆ. ಹಡಗು ಹತ್ತೋಕೆ ಮುಂಚೆ ಜೋಳದ ಮೇಲೆ ಹಾಕಿಸು. ರಾಶಿಗೆಲ್ಲ ಬೀಳ್ಬೇಕು. ಒಂದ್ ಕಡೆ ಬಿದ್ದು ಇನ್ನೊಂದ್ ಕಡೆ ಬೀಳ್ದೆ ಇದ್ರೆ ಮಿಕ್ಕಿದ್ದು ಬೇಜಾರು ಮಾಡ್ಕೊಳುತ್ತೆ."

ಗಂಟನ್ನು ಬಿಚ್ಚಿ ನೋಡದೆ ಯೋಗಾನಂದ ಅದನ್ನು ಪಕ್ಕದಲ್ಲೇ ನಿಂತು ಕೇಳುತ್ತಿದ್ದ ಮಂಜುನಾಥನ ಬ್ಯಾಗಿಗೆ ತುರುಕಿದ. ಮಂಜುನಾಥ ವರಲಕ್ಷ್ಮಿಯ ತಮ್ಮ, ನಂದಿನಿ ಲೇಔಟಿನವನು. ಬಂದರಿಗೆ ಜೋಳದ ಜೊತೆ ಹೋಗುತ್ತಿದ್ದವನು ಅವನೇ. ಯೋಗಾನಂದನಿಗೂ ಹೋಗುವ ಆಸೆಯಿತ್ತು. ಆದರೆ ಘಟ್ಟದ ತಿರುವುಗಳಿರಲಿ, ನೆಲಮಂಗಲ ದಾಟಿದರೇ ಹೊಟ್ಟೆ ತೊಳೆಸುವ ದೇಹ ಅವನದು. ಹೊರದೇಶಕ್ಕೆ ವ್ಯಾಪಾರ ಮಾಡುವವನ ದೇಹ ಹೀಗಿರಬಾರದು, ನಿಜ.

ಮೇ ತಿಂಗಳು ಮುಗಿಯುತ್ತ ಬಂದಿತ್ತು. ಜೋಳ ಘಟ್ಟ ಇಳಿದು, ಬಂದರಿನಲ್ಲಿ ಹಡಗು ನಿಲ್ಲುವ ಧಕ್ಕೆಯ ಪಕ್ಕದ ಬಯಲಿನಲ್ಲಿ ಗುಡ್ಡದಂತೆ ರಾಶಿಯಾಗಿ, ಟಾರ್ಪಾಲು ಹೊದ್ದು ಕೂತಿತು. ಅದರ ಆಚೆಗೆ ಇನ್ನೂ ಹಲವು ವ್ಯಾಪಾರಿಗಳ ರಾಶಿಗಳು. ಹಡಗು ಬಂದು ನಿಂತಿತು. ಯೋಗಾನಂದ ಅಂದು ಬೆಳಿಗ್ಗೆ ಹಾಲು ತರಲು ಹೋದವನು ಅಣ್ಣನ ಗೇಟಿನ ಮುಂದೆಯೇ ಎದೆಯುಬ್ಬಿಸಿ ನಡೆದ. ತಿಂಡಿಗೆ ಕೂತಾಗ ಫೋನು ಬಂತು.

"ಭಾವ, ಒಂದು ಸಣ್ಣ ತೊಂದ್ರೆ," ಎಂದ ಮಂಜುನಾಥ.

ಹಿಂದೊಮ್ಮೆ ಭಾವನ ಓಮ್ನಿಯನ್ನು ಟ್ರಾನ್ಸ್‌ಫಾರ್ಮರಿಗೆ ಗುದ್ದಿ, ಎರಡು ಬೀದಿಯ ಕರೆಂಟು ತೆಗೆದಾಗಲೂ ಅವನು ಬಳಸಿದ್ದು ಇದೇ ಮಾತು. ಯೋಗಾನಂದನ ಕೈಯಲ್ಲಿದ್ದ ದೋಸೆ ಕೈಯಲ್ಲೇ ಉಳಿಯಿತು.

"ಏನೋ?"

"ನಮ್ಮ ರಾಶೀಲಿ ಕೆಂಪು ಜೋಳ ಸಿಕ್ಕಿದೆಯಂತೆ. ಸರ್ವೇಯರ್ ಬೇಡ ಅಂತಿದಾರೆ."

ಜೋಳದವನಿಗೆ ಇದಕ್ಕಿಂತ ಕೆಟ್ಟ ಮಾತಿಲ್ಲ. ಬಿತ್ತನೆಗೆಂದು ಮಾರುವ ಜೋಳಕ್ಕೆ ಹುಳ ತಿನ್ನದಂತೆ ಔಷಧಿ ಹಚ್ಚಿರುತ್ತಾರೆ. ಮನುಷ್ಯರು ತಿನ್ನದಂತೆ ಕೆಂಪು ಬಣ್ಣ ಹಾಕಿರುತ್ತಾರೆ. ತಿನ್ನುವ ಜೋಳದಲ್ಲಿ ಕೆಂಪು ಕಾಳು ಕಂಡರೆ ಅದು ವಿಷ ಕಂಡಂತೆ. ಮಂಜುನಾಥ ಫೋನನ್ನು ಸರ್ವೇಯರ್ ಕೈಗೆ ಕೊಟ್ಟ. ಅವರ ಹೆಸರು ಶ್ರೀರಾಮ್. ಹಡಗಿಗೆ ಹತ್ತುವ ಸರಕನ್ನು ನೋಡಿ ಹೂಂ ಅಥವಾ ಊಹೂಂ ಎನ್ನುವುದು ಅವರ ಕೆಲಸ.

"ಒಂದು ಕಾಳಲ್ಲ ಸಾರ್," ಎಂದರು ಅವರು ಮೆಲ್ಲಗೆ. "ಕೈ ಹಾಕಿದ ಕಡೆಯೆಲ್ಲ ಒಂದೊಂದು ಸಿಗ್ತಾ ಇದೆ."

"ಸಿಕ್ಕಿದ್ದನ್ನ ತೆಗೆದು ಪಕ್ಕಕ್ಕಿಟ್ಟುಬಿಡಿ ಸಾರ್."

"ಚೀಲದಲ್ಲಿ ಬಂದಿದ್ರೆ ಆ ಚೀಲ ಪಕ್ಕಕ್ಕಿಡಬಹುದಿತ್ತು. ಇದು ಲೂಸು. ಲೂಸಲ್ಲಿ ಪಕ್ಕ ಅನ್ನೋದಿಲ್ಲ. ಒಂದು ಕೆಟ್ರೆ ರಾಶಿಯೆಲ್ಲ ಕೆಟ್ಟಂಗೇ ಲೆಕ್ಕ. ಸಂಜೆ ತನಕ ಬೇರೆಯವರ ರಾಶಿ ತುಂಬ್ತಾ ಇರ್ತೀವಿ. ಅಷ್ಟರಲ್ಲಿ ಏನಾದ್ರೂ ದಾರಿ ಇದ್ರೆ ನೋಡಿ."

ಯೋಗಾನಂದ ಸ್ಕೂಟರ್ ಹತ್ತಿ ರಾಜಾಜಿನಗರಕ್ಕೆ ಓಡಿದ. ಬೇಕರಿಯ ವಾಸನೆ ಇಂದು ಅವನ ಮೂಗಿನವರೆಗೂ ಬರಲಿಲ್ಲ. ಬಸವಕುಮಾರ್‌ಗೆ ಸುದ್ದಿ ಆಗಲೇ ಮುಟ್ಟಿತ್ತು.

"ಹಡಗನ್ನ ಒಂದೆರಡು ದಿನ ನಿಲ್ಲಿಸೋಕಾಗಲ್ವಾ?" ಎಂದು ಕೇಳಿದ ಯೋಗಾನಂದ.

"ಅದೇನು ಬಿಎಂಟಿಸಿ ಬಸ್ಸಾ, ಕೈ ಅಡ್ಡ ಹಾಕೋಕೆ? ಸಂಜೆ ತನಕ ನಿಮ್ಮ ಜಾಗ ಖಾಲಿ ಇಟ್ಟಿರ್ತೀನಿ. ಆಮೇಲೆ ಪಕ್ಕದ ರಾಶಿಯವ್ರಿಗೆ ಕೊಡ್ಬೇಕಾಗುತ್ತೆ. ಮಳೆಗಾಲ ಬೇರೆ ಹತ್ರ ಬರ್ತಾ ಇದೆ ಯೋಗಣ್ಣ. ಟಾರ್ಪಾಲ್ ಕೆಳಗೆ ನೀರು ಹೋದ್ರೆ ಆ ರಾಶಿ ನಾಲ್ಕು ದಿನಕ್ಕೆ ಮೊಳಕೆ ಒಡೆಯುತ್ತೆ." ಆಮೇಲೆ ದನಿ ತಗ್ಗಿಸಿ ಕೇಳಿದ: "ಯಾರು ಬೆರೆಸಿದ್ದು? ನಿಮ್ಮನ್ನ ಕಂಡ್ರೆ ಆಗದೋರು ಯಾರಾದ್ರೂ ಇದಾರಾ?"

ಯೋಗಾನಂದನಿಗೆ ಆಗದವರು ಯಾರೂ ಇರಲಿಲ್ಲ. ಅಷ್ಟು ದೊಡ್ಡ ಮನುಷ್ಯನಾಗುವ ಮಟ್ಟಕ್ಕೆ ಅವನ ವ್ಯಾಪಾರ ಬೆಳೆದಿರಲಿಲ್ಲ. ಆದರೆ ಮುಳುಗುವವನ ಕೈಗೆ ಏನಾದರೂ ಸಿಗಬೇಕಲ್ಲ. ಸಿಕ್ಕಿದ್ದು ಚಿಕ್ಕಣ್ಣನ ಮುಖ. ಚೀಲ ಕೊಯ್ಯುತ್ತ, ಹಂಗಾದ್ರೆ ನಾವು ಟೈಟು ಎಂದು ನಕ್ಕ ಮುಖ. ಆ ನಗು ಈಗ ನೆನೆದರೆ ನಗುವಿನಂತೆ ಕಾಣಲಿಲ್ಲ. ರಾಜಾಜಿನಗರದಿಂದ ಕಾಮಾಕ್ಷಿಪಾಳ್ಯಕ್ಕೆ ಬರುವ ಹೊತ್ತಿಗೆ, ಪ್ರತಿ ಸಿಗ್ನಲಿನಲ್ಲೂ ಸ್ವಲ್ಪ ಸ್ವಲ್ಪ ಸಾಕ್ಷಿ ಸೇರಿಸಿಕೊಂಡು, ಯೋಗಾನಂದ ಚಿಕ್ಕಣ್ಣನಿಗೆ ಶಿಕ್ಷೆಯನ್ನೇ ಬರೆದು ಮುಗಿಸಿದ್ದ.

ಚಿಕ್ಕಣ್ಣ ಅಂಗಡಿಯಲ್ಲಿ ಕಾಲು ಚಾಚಿ ಕೂತು, ತೊಡೆಯ ಮೇಲೆ ಚೀಲ ಹರಡಿಕೊಂಡು ಹೊಲಿಯುತ್ತಿದ್ದ.

"ಏನ್ ಯೋಗಣ್ಣ, ಹಡಗು ಹತ್ತಿಸಿದ್ರಾ?"

"ನೀನು ಹತ್ತಕ್ಕೆ ಬಿಟ್ರೆ ತಾನೆ?"

ಚಿಕ್ಕಣ್ಣ ತಲೆ ಎತ್ತಿದ.

"ಚೀಲ ಬೇಡ ಅಂದಿದ್ದಕ್ಕೆ ಹಿಂಗೆ ಮಾಡೋದಾ ಚಿಕ್ಕಣ್ಣ? ನನ್ನ ಮೇಲೆ ಕೋಪ ಇದ್ರೆ ಬಂದು ಬೈಬೇಕಿತ್ತು. ಬಿತ್ತನೆ ಜೋಳ ಬೆರೆಸಿದ್ಯಲ್ಲ."

"ಏನ್ ಹೇಳ್ತಾ ಇದೀರ ನೀವು?"

"ರಾಶಿ ತುಂಬ ಕೆಂಪು ಕಾಳು. ಚೀಲ ಕೊಯ್ದಿದ್ದು ನೀನು. ಸುರಿದಿದ್ದು ನೀನು. ಮತ್ತೆ ಅದೇನು ಆಕಾಶದಿಂದ ಉದುರ್ತಾ?"

ಪಕ್ಕದ ಗ್ಯಾರೇಜಿನವರು ಸ್ಪ್ಯಾನರ್ ಹಿಡಿದುಕೊಂಡೇ ಬಾಗಿಲಿಗೆ ಬಂದರು. ಚಿಕ್ಕಣ್ಣ ಹೊಲಿಗೆಯನ್ನು ಅರ್ಧದಲ್ಲಿ ಬಿಟ್ಟು, ದಬ್ಬಳವನ್ನು ಚೀಲಕ್ಕೇ ಚುಚ್ಚಿಟ್ಟ. ಅವನು ಜಗಳಕ್ಕೆ ಬಂದಿದ್ದರೆ ಯೋಗಾನಂದನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ತಿನ್ನೋ ಕಾಳಿಗೆ ನಾನು ವಿಷ ಹಾಕ್ತೀನಾ ಯೋಗಣ್ಣ?" ಎಂದ. ಆಮೇಲೆ, "ಹೋಗ್ಬನ್ನಿ," ಎಂದು ಮುಖ ತಿರುಗಿಸಿದ.

ಮಧ್ಯಾಹ್ನದ ಬಿಸಿಲಿನಲ್ಲಿ ಯೋಗಾನಂದ ಮನೆಗೆ ಬಂದ. ಬೈದು ಬಂದರೂ ಜೋಳವೇನೂ ಹಡಗು ಹತ್ತಿರಲಿಲ್ಲ. ಇನ್ನೇನೂ ಮಾಡಲು ತೋಚದಿದ್ದಾಗ ಮಾಡುವ ಕೆಲಸವನ್ನು ಮಾಡಲು ದೇವರ ಮನೆಗೆ ಹೋದ. ಕೈ ಮುಗಿದ, ಕಣ್ಣು ಮುಚ್ಚಿದ. ದೇವರಿಗೆ ವಿಷಯ ಎಲ್ಲಿಂದ ಶುರುಮಾಡಿ ಹೇಳಬೇಕೆಂದು ತಿಳಿಯದೆ ಕಣ್ಣು ಬಿಟ್ಟ. ದೀಪದ ಪಕ್ಕದಲ್ಲಿ ಹಿತ್ತಾಳೆ ಬಟ್ಟಲು. ಬಟ್ಟಲಲ್ಲಿ ಕೆಂಪು ಜೋಳ.

ಅವನು ಒಂದು ಕಾಳನ್ನು ಎತ್ತಿಕೊಂಡ. ಬಿತ್ತನೆ ಅಂಗಡಿಯ ಪ್ಯಾಕೆಟ್ಟಿನಿಂದ ಈಗಷ್ಟೇ ಸುರಿದಂತಿತ್ತು.

"ಅಮ್ಮ, ಇದೇನು?"

ಯಶೋದಮ್ಮ ನಡುಮನೆಯಲ್ಲಿ ಗೋಡೆಗೊರಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. "ಅಕ್ಷತೆ ಕಣೋ. ಅವತ್ತು ಕಳಿಸಿದ್ರಲ್ಲಿ ಮಿಕ್ಕಿದ್ದು."

"ಅಕ್ಷತೆ ಅಂದ್ರೆ ಅಕ್ಕಿ ಅಲ್ವಾ?"

"ಅಕ್ಕಿ ಹಾಕಿದ್ರೆ ಜೋಳಕ್ಕೆ ಅಕ್ಕಿ ಬೆರೆಸಿದಂಗಾಗಲ್ವಾ? ಹೊರದೇಶದೋರು ಕಲಬೆರಕೆ ಅಂದಾರು. ನಿಮ್ಮಪ್ಪ ಬದುಕಿರೋ ತನಕ ಒಂದು ಕಾಳಿಗೆ ಇನ್ನೊಂದು ಕಾಳು ಬೆರೆಸಿದವರಲ್ಲ. ಅದಕ್ಕೆ ಜೋಳಾನೇ ಆರಿಸಿ, ಅರಿಶಿನ ಸುಣ್ಣ ಕಲಸಿ, ನೆರಳಲ್ಲಿ ಒಣಗಿಸಿದೆ. ಬಣ್ಣ ಚೆನ್ನಾಗಿ ಹಿಡಿದಿದೆ ಅಲ್ವಾ?"

ಅಕ್ಕಿಯನ್ನೇ ಹಾಕಿದ್ದರೆ ಸರ್ವೇಯರ್ ಅದನ್ನು ಊದಿ ಬಿಸಾಕುತ್ತಿದ್ದರು. ಅಮ್ಮ ಕಲಬೆರಕೆ ಆಗಬಾರದೆಂದು ಜೋಳ ಆರಿಸಿದ್ದರು. ಯೋಗಾನಂದ ಅಳಬೇಕೋ ನಗಬೇಕೋ ತಿಳಿಯದೆ, ಎರಡಕ್ಕೂ ಹೊಂದುವಂತೆ ಬಾಯಿ ಸ್ವಲ್ಪ ತೆರೆದುಕೊಂಡು ನಿಂತ.

"ಯಾಕೋ, ಮುಖ ಹಿಂಗಾಗಿದೆ?"

"ಬಿಸಿಲಮ್ಮ."

"ಹಡಗು ಹೊರಡ್ತಾ?"

"ಸಂಜೆಗೆ."

ಅಡುಗೆಮನೆಯಲ್ಲಿ ಪಿಸುಮಾತಿನಲ್ಲಿ ವರಲಕ್ಷ್ಮಿಗೆ ಎಲ್ಲ ಹೇಳಿದ. ಅವಳು 'ನಾನು ಆವತ್ತೇ ಕೇಳಲಿಲ್ಲವೇ' ಎನ್ನಲಿಲ್ಲ. ಅದು ಅವನನ್ನು ಇನ್ನಷ್ಟು ಹೆದರಿಸಿತು. ಅವಳು ಬಟ್ಟಲಿನಿಂದ ಎರಡು ಕಾಳು ತರಿಸಿ, ಅರ್ಧ ನಿಂಬೆಹಣ್ಣು ಹಿಂಡಿದಳು. ನೋಡುನೋಡುತ್ತಿದ್ದಂತೆ ಕೆಂಪು ಕರಗಿ, ಕಾಳು ಮತ್ತೆ ಹಳದಿಯಾಯಿತು.

"ಆರತಿ ನೀರು ಸೀರೆ ಮೇಲೆ ಚೆಲ್ಲಿದ್ರೆ ಹಿಂಗೇ ತೆಗೆಯೋದು," ಎಂದಳು. "ಬಿತ್ತನೆ ಜೋಳದ ಬಣ್ಣ ನಿಂಬೆಹಣ್ಣಿಗೆ ಹಿಂಗೆ ಹೋಗಲ್ಲ ತಾನೆ? ಅವ್ರಿಗೆ ಇದನ್ನ ತೋರಿಸಿ."

ಬೆಳಗಿನಿಂದ ಮೊದಲ ಸಲ ಯೋಗಾನಂದನಿಗೆ ಉಸಿರು ಪೂರ್ತಿ ಬಂತು. ಮಹಡಿ ಮೆಟ್ಟಿಲ ಮೇಲೆ, ಅಮ್ಮನಿಗೆ ಕೇಳಿಸದ ಕಡೆ ಕೂತು, ಮಂಜುನಾಥನಿಗೆ ವಿಡಿಯೋ ಕರೆ ಮಾಡಿ, ಅವನಿಗೂ ಶ್ರೀರಾಮ್‌ಗೂ ಅಕ್ಷತೆಯ ಕಥೆ ಹೇಳಿದ. ಧಕ್ಕೆಯ ಮೇಲೆ ನಿಂಬೆಹಣ್ಣು ಎಲ್ಲಿಂದ ಬರಬೇಕು? ಮಂಜುನಾಥ ಹೋಗಿ, ಟಿಪ್ಪರಿನ ಮೂತಿಗೆ ದೃಷ್ಟಿಗೆಂದು ಮೆಣಸಿನಕಾಯಿ ಜೊತೆ ಕಟ್ಟಿದ್ದ ನಿಂಬೆಹಣ್ಣನ್ನೇ ಕಿತ್ತು ತಂದ. ಶ್ರೀರಾಮ್ ಅಂಗೈಯಲ್ಲಿ ಕೆಂಪು ಕಾಳು ಹಿಡಿದರು. ಒಣಗಿದ ಹಣ್ಣಿನಿಂದ ಮಂಜುನಾಥ ಹಲ್ಲು ಕಚ್ಚಿ ನಾಲ್ಕು ಹನಿ ಹಿಂಡಿದ. ಕಾಳುಗಳು ಒಂದೊಂದಾಗಿ ಹಳದಿಗೆ ತಿರುಗಿದವು.

ಶ್ರೀರಾಮ್ ಅಂಗೈಯನ್ನು ಕರ್ಚೀಫಿನಿಂದ ಒರೆಸಿಕೊಂಡರು.

"ನಂಬ್ತೀನಿ ಸಾರ್," ಎಂದರು. "ನಮ್ಮನೇಲೂ ಆರತಿ ಎತ್ತುತ್ತಾರೆ."

"ಹಂಗಾದ್ರೆ ತುಂಬಿಸ್ತೀರಾ?"

"ನಾನು ನಂಬಿದ್ರೆ ಹಡಗು ನಂಬಬೇಕಲ್ಲ. ಕ್ಯಾಪ್ಟನ್ ಯಾವ ದೇಶದವನೋ. ಕೊಳ್ಳೋರು ಇನ್ಯಾವುದೋ ದೇಶದಲ್ಲಿ ಹಡಗಿನ ಮುಚ್ಚಳ ತೆಗೆದಾಗ ಅವ್ರಿಗೆ ಕಾಣೋದು ಕೆಂಪು ಕಾಳು. ನಿಂಬೆಹಣ್ಣು ಹಿಂಡ್ಕೊಳ್ಳಿ ಅಂತ ನಾನು ಬರೆದುಕೊಡೋಕಾಗಲ್ಲ. ಲ್ಯಾಬಿನಿಂದ ಬರ್ಬೇಕು. ಅದಕ್ಕೆ ಒಂದು ವಾರ ಆಗುತ್ತೆ. ಹಡಗು ಸಂಜೆಗೆ ಹೋಗುತ್ತೆ."

ಯೋಗಾನಂದ ಕೊನೆಯ ಆಸೆಗೆ ಕೈ ಹಾಕಿದ. "ಮಂಜು, ರಾಶಿ ಮೇಲಿಂದ ಒಂದು ಪದರ ಗೀಚಿಸಿ ತೆಗೆಸಿದ್ರೆ? ಅಕ್ಷತೆ ಮೇಲೆ ತಾನೆ ಬಿದ್ದಿರೋದು?"

ಫೋನಿನಲ್ಲಿ ಮಂಜುನಾಥನ ಮುಖ ಸಣ್ಣದಾಯಿತು.

"ಅತ್ತೆ ಹೇಳಿದ್ರಲ್ಲ ಭಾವ, ರಾಶಿಗೆಲ್ಲ ಬೀಳ್ಬೇಕು ಅಂತ. ಅದಕ್ಕೆ ಪ್ರತಿ ಟಿಪ್ಪರ್ ಸುರಿಯುವಾಗಲೂ ಕಣ್ಣು ಮುಚ್ಚಿ ದೇವರ ಹೆಸರು ಹೇಳಿ ಒಂದೊಂದು ಹಿಡಿ ಹಾಕ್ದೆ, ಅದು ಅಕ್ಕಿಯಲ್ಲ ಜೋಳ ಅಂತ ನೋಡ್ಲೇ ಇಲ್ಲ. ತಳದಲ್ಲೂ ಇದೆ, ನಡುವೇನೂ ಇದೆ."

ಜೀವಮಾನದಲ್ಲಿ ಮಂಜುನಾಥ ಹೇಳಿದ್ದನ್ನು ಹೇಳಿದಂತೆ ಮಾಡಿದ್ದು ಅದೊಂದೇ ಸಲ.

ಸಂಜೆಯವರೆಗೆ ಯೋಗಾನಂದ ಮೆಟ್ಟಿಲ ಮೇಲೇ ಕೂತಿದ್ದ. ಬಸವಕುಮಾರ್‌ಗೆ ಐದಾರು ಸಲ ಫೋನು ಮಾಡಿದ. ಮೊದಲು ಬೇಡಿಕೊಂಡ, ಆಮೇಲೆ ಜಗಳವಾಡಿದ, ಆಮೇಲೆ ಜಗಳಕ್ಕೆ ಕ್ಷಮೆ ಕೇಳಿ ಮತ್ತೆ ಬೇಡಿಕೊಂಡ. ಅರ್ಧ ರಾಶಿ, ಕಾಲು ರಾಶಿ ಎಂದು ಇಳಿಯುತ್ತ ಬಂದ. ಕೊನೆಗೆ ಬಸವಕುಮಾರ್, "ಯೋಗಣ್ಣ, ಜಾಗ ಕೊಟ್ಟಾಯ್ತು," ಎಂದ. ಅವನ ದನಿಯಲ್ಲೂ ಬೇಸರವಿತ್ತು, ಅದರಿಂದೇನೂ ಉಪಯೋಗವಿರಲಿಲ್ಲ.

ಹೊತ್ತು ಇಳಿಯುವಾಗ ಮಂಜುನಾಥ ತಾನಾಗಿ ವಿಡಿಯೋ ಕರೆ ಮಾಡಿದ. ಫೋನನ್ನು ಆಚೆಗೆ ತಿರುಗಿಸಿದ. ಹೀಗೆ ಯೋಗಾನಂದ, ಅಂಚಿನಲ್ಲಿ ಗಾಜು ಸೀಳಿದ್ದ ಒಂದು ಫೋನಿನೊಳಗೆ, ಮೊದಲ ಬಾರಿಗೆ ಸಮುದ್ರ ನೋಡಿದ. ಬೂದು ಬಣ್ಣದ ನೀರು. ಅದರ ಮೇಲೆ ಅವಸರವೇ ಇಲ್ಲದಂತೆ ಜರುಗುತ್ತಿದ್ದ ಹಡಗು. ಕ್ಯಾಲೆಂಡರಿನಲ್ಲಿ ಇದ್ದಷ್ಟು ಚೆನ್ನಾಗಿರಲಿಲ್ಲ, ತುಕ್ಕು ಹಿಡಿದಿತ್ತು. ಪಕ್ಕದಲ್ಲಿ ಗೆರೆಗಳೂ ಕಂಡವು. ಬೇರೆಯವರ ಜೋಳ ತುಂಬಿಕೊಂಡು ಅದು ಬೇಕಾದಷ್ಟು ಮುಳುಗಿತ್ತು. ತಾನು ಎಷ್ಟು ಮುಳುಗಿದ್ದೇನೆಂದು ನೋಡಿಕೊಳ್ಳಲು ಯೋಗಾನಂದ ತನ್ನ ಪಕ್ಕೆಯನ್ನೊಮ್ಮೆ ಮುಟ್ಟಿಕೊಂಡ. ಗೆರೆಗಳಿರಲಿಲ್ಲ. ಫೋನಿನ ಕಣ್ಣಿನ ಮೇಲೆ ಒಂದು ಹನಿ ಬಿದ್ದು ಹಡಗು ಕಲಸಿಹೋಯಿತು.

"ಮಳೆ, ಭಾವ," ಎಂದ ಮಂಜುನಾಥ.

ರಾಶಿಯನ್ನು ಬಯಲಿನಲ್ಲಿ ಬಿಡುವಂತಿರಲಿಲ್ಲ. ಬಂದರಿನ ಹೊರಗೆ ಒಂದು ಶೆಡ್ಡು ಸಿಗುತ್ತಿತ್ತು. ಆದರೆ ಶೆಡ್ಡಿನವರು ಒಂದೇ ಮಾತು ಹೇಳಿದರಂತೆ: ಲೂಸಲ್ಲಿ ಬೇಡ, ಚೀಲದಲ್ಲಿ ತುಂಬಿದ್ದರೆ ಮಾತ್ರ ಇಟ್ಟುಕೊಳ್ಳುತ್ತೇವೆ.

ಮರುದಿನ ಬೆಳಿಗ್ಗೆ ಯೋಗಾನಂದ ಹೊರಡಲು ಅಂಗಿ ಹಾಕಿಕೊಳ್ಳುತ್ತಿದ್ದಾಗ ಅಮ್ಮ ದೇವರ ಮನೆಯಿಂದ ಕರೆದರು.

"ಹೊರಟಿತೇನೋ?"

ವರಲಕ್ಷ್ಮಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಹೊರಟಿತಮ್ಮ," ಎಂದ ಯೋಗಾನಂದ. "ನಿನ್ನೆ ಸಂಜೆ. ನಾನೇ ನೋಡಿದೆ." ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

"ಎಷ್ಟು ಮುಳುಗಿತ್ತು?" ಎಂದು ಅಮ್ಮ ಕೇಳಿದರು. ಆ ತೂಕದ ಲೆಕ್ಕವನ್ನು ಅವನೇ ಅವರಿಗೆ ಹೇಳಿಕೊಟ್ಟಿದ್ದ.

"ತುಂಬಾ ಮುಳುಗಿತ್ತಮ್ಮ."

ಯಶೋದಮ್ಮನ ಮುಖದಲ್ಲಿ ಸುಕ್ಕುಗಳೆಲ್ಲ ಒಟ್ಟಿಗೆ ನಕ್ಕವು. "ನಾನು ಹೇಳ್ಲಿಲ್ವಾ. ಶಾಸ್ತ್ರ ಮಾಡಿ ಕಳಿಸಿದ್ರೆ ಹಿಂಗೇ. ಬಗ್ಗು," ಎಂದು, ಬಟ್ಟಲಲ್ಲಿ ಉಳಿದಿದ್ದ ಕೆಂಪು ಜೋಳವನ್ನೆಲ್ಲ ಮಗನ ತಲೆಯ ಮೇಲೆ ಹಾಕಿದರು. ಯೋಗಾನಂದ ಬಗ್ಗಿದವನು, ಕಣ್ಣು ಒರೆಸಿಕೊಳ್ಳಲು ಬೇಕಾದಷ್ಟು ಹೊತ್ತು ಬಗ್ಗಿಯೇ ಇದ್ದ.

ಬೀದಿಯಲ್ಲಿ ಮುನಿರಾಜು ಕೂತಿದ್ದ. ತಮ್ಮನ ಮುಖ ನೋಡಿ, ಬಾ ಎನ್ನಲಿಲ್ಲ. ಖಾಲಿ ಕುರ್ಚಿಯನ್ನು ಬಿಸಿಲಿನಿಂದ ನೆರಳಿಗೆ ಎಳೆದಿಟ್ಟ, ಅಷ್ಟೆ. ಯೋಗಾನಂದ ಸ್ಕೂಟರ್ ಜೋರು ಮಾಡಿದ.

ಚಿಕ್ಕಣ್ಣನ ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ನಿನ್ನೆ ಕೂತಲ್ಲೇ ಕೂತು, ನಿನ್ನೆಯಂತೆಯೇ ಹೊಲಿಯುತ್ತಿದ್ದ. ಯೋಗಾನಂದ ಹೊಸ್ತಿಲಾಚೆ ನಿಂತ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಬಂದದ್ದು ವ್ಯಾಪಾರದ ಮಾತು.

"ಚಿಕ್ಕಣ್ಣ, ಚೀಲ ಬೇಕಿತ್ತು."

ಚಿಕ್ಕಣ್ಣ ತಲೆ ಎತ್ತಲಿಲ್ಲ. "ಲೂಸು ಅಂದ್ರಲ್ಲ."

"ಹೌದು, ಅಂದಿದ್ದೆ."

ದಬ್ಬಳ ಎರಡು ಸಲ ಚೀಲದೊಳಗೆ ಹೋಗಿ ಬಂತು. ಆಮೇಲೆ ಚಿಕ್ಕಣ್ಣ ನಿಧಾನವಾಗಿ ಎದ್ದು ಬಂದು, ಯೋಗಾನಂದನ ಮುಖ ನೋಡದೆ, ಅವನ ತಲೆಯನ್ನೇ ನೋಡಿದ. ಕೈ ಚಾಚಿ ಕೂದಲಿನಿಂದ ಒಂದು ಕಾಳು ತೆಗೆದ. ಹೆಬ್ಬೆರಳಿನಲ್ಲಿ ತಿರುಗಿಸಿದ. ಉಗುಳು ಹಚ್ಚಿ ಉಜ್ಜಿ, ಬೆರಳಿಗೆ ಬಂದ ಬಣ್ಣವನ್ನು ಮೂಸಿ ನೋಡಿದ.

"ಅರಿಶಿನ," ಎಂದ.

"ಅಮ್ಮ ಮಾಡಿದ್ದು. ಅಕ್ಷತೆ."

"ಇದೇನಾ ಯೋಗಣ್ಣ, ನಾನು ಬೆರೆಸಿದ್ದು?"

ಪಕ್ಕದ ಗ್ಯಾರೇಜಿನವರು ಇವತ್ತೂ ಬಾಗಿಲಿಗೆ ಬಂದಿದ್ದರು. ಯೋಗಾನಂದ ಅವರ ಮುಂದೆಯೇ ಬೈದಿದ್ದರಿಂದ ಅವರ ಮುಂದೆಯೇ ಹೇಳಬೇಕೆಂದುಕೊಂಡು, "ನನ್ನದು ತಪ್ಪಾಯ್ತು ಚಿಕ್ಕಣ್ಣ," ಎಂದ. ದನಿ ಅಷ್ಟು ದೂರ ಹೋಗಲಿಲ್ಲ.

"ಯಶೋದಮ್ಮೋರಿಗೆ ಗೊತ್ತಾ?"

"ಇಲ್ಲ. ಹಡಗು ಹೊರಟಿತು ಅಂತ ಹೇಳಿದೀನಿ."

"ಹೇಳ್ಬೇಡಿ," ಎಂದ ಚಿಕ್ಕಣ್ಣ. ಅಕ್ಷತೆಯನ್ನು ಕಾಲಿಗೆ ಸಿಗುವಂತೆ ಎಸೆಯಬಾರದು. ಅದನ್ನು ತನ್ನ ಅಂಗಿಯ ಜೇಬಿಗೆ ಹಾಕಿಕೊಂಡ. ಆಮೇಲೆ, "ಲೂಸು," ಎಂದ. ಜೋಳಕ್ಕೆ ಹೇಳಿದನೋ ಎದುರು ನಿಂತವನಿಗೆ ಹೇಳಿದನೋ, ಯೋಗಾನಂದ ಕೇಳಲು ಹೋಗಲಿಲ್ಲ.

ಚಿಕ್ಕಣ್ಣ ಮೂಲೆಯಿಂದ ಒಂದು ದೊಡ್ಡ ಕಟ್ಟು ಎಳೆದು ಬಿಚ್ಚಿದ. ಅವೇ ಚೀಲಗಳು. ಹೊಲಿಗೆಯ ಪಕ್ಕದಲ್ಲಿ ನೀಟಾಗಿ ಕೊಯ್ದವು.

"ಅಷ್ಟು ಹೊಸ ಚೀಲ ನನ್ನತ್ರ ಇಲ್ಲ. ನೀವು ಕೊಯ್ಸಿದ್ದೇ ಇರೋದು. ಕೂತ್ಕೊಳ್ಳಿ," ಎಂದು ಒಂದು ದಬ್ಬಳವನ್ನೂ ಹುರಿಯ ಉಂಡೆಯನ್ನೂ ಅವನ ಮುಂದೆ ಇಟ್ಟ.

ಯೋಗಾನಂದ ಗೋಣಿಯ ಮೇಲೆ ಕಾಲು ಚಾಚಿ ಕೂತ. ಇಷ್ಟು ವರ್ಷ ಮೂಟೆಯ ಬೆನ್ನು ತಟ್ಟಿದವನಿಗೆ ಒಂದು ಚೀಲ ಹೊಲಿಯಲು ಬರುತ್ತಿರಲಿಲ್ಲ. ಮೊದಲ ಚುಚ್ಚಿಗೇ ದಬ್ಬಳ ಬೆರಳಿಗೆ ನೆಟ್ಟಿತು. ಚಿಕ್ಕಣ್ಣ ನೋಡಿದರೂ ನೋಡದಂತೆ ಇದ್ದ. ಅವರ ಹಿಂದೆ ಕೊಯ್ದ ಚೀಲಗಳ ಕಟ್ಟುಗಳು ಸೂರಿನವರೆಗೆ ಇದ್ದವು. ಘಟ್ಟದ ಕೆಳಗೆ ಮಳೆ ಇತ್ತು.

ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಮಂಜುನಾಥ. ಏನು ಹೇಳುತ್ತಾನೆಂದು ಯೋಗಾನಂದನಿಗೆ ಗೊತ್ತಿತ್ತು. ಅವನ ಬಾಯಲ್ಲಿ ತೊಂದರೆ ಯಾವಾಗಲೂ ಸಣ್ಣದೇ ಇರುತ್ತಿತ್ತು. ಅವನು ಹುರಿಯ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ, ದಬ್ಬಳದ ಕಣ್ಣಿಗೆ ಮತ್ತೊಮ್ಮೆ ಗುರಿ ಹಿಡಿದ.